ಬದಲಿಗೆ ಯಾರು, ಎಷ್ಟಕ್ಕೆ? ಫಾರ್ಟಿನೈನರ್ಸ್ ಜಗಳಕ್ಕೆ ಇಳಿಯುವ ಹೊಸಬರಿಗೆ ಹಂತ ಹಂತವಾಗಿ

ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ವರ್ಷ ಸೆಪ್ಟೆಂಬರಿನಿಂದ ಜನವರಿಯವರೆಗೆ ಸೋಮವಾರದ ಊಟದ ಮೇಜಿನಲ್ಲಿ ಮೂಕರಾಗಿ ಕೂತಿರುತ್ತಾರೆ. ಸುತ್ತಲಿನವರು ಯಾರನ್ನೋ ಬೈಯುತ್ತಿರುತ್ತಾರೆ. ಬೈಗುಳ ತಿಳಿಯುತ್ತದೆ, ಬೈಸಿಕೊಳ್ಳುತ್ತಿರುವವನು ಯಾರು, ಮಾಡಿದ ತಪ್ಪೇನು ಅನ್ನುವುದು ತಿಳಿಯುವುದಿಲ್ಲ. ನಾನೂ ಹಾಗೆ ಕೂತಿದ್ದವನೇ. ಅಮೆರಿಕನ್ ಫುಟ್‌ಬಾಲಿನ ಫಾರ್ಟಿನೈನರ್ಸ್ ತಂಡ 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಬಿಟ್ಟು ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂಗೆ ಬಂತು. ಅದು ನಮ್ಮ ಮನೆಯಿಂದ ಕೂಗಳತೆ ದೂರ. ಪಂದ್ಯದ ದಿನ ಹಾಲು ತರಲೂ ಕಾರು ತೆಗೆಯುವಂತಿಲ್ಲ. ಟ್ರಾಫಿಕ್ ಅನುಭವಿಸಿದ ಮೇಲೆ ಅಭಿಪ್ರಾಯ ಹೇಳುವ ಹಕ್ಕೂ ಬಂತು ಎಂದುಕೊಂಡೆ.

ಒಂದು ಭಾನುವಾರ ಪಕ್ಕದ ಮನೆಯ ಹಿತ್ತಲಲ್ಲಿ ಬಾರ್ಬೆಕ್ಯೂ. ಮನೆಯ ಯಜಮಾನ ಎಪ್ಪತ್ತು ದಾಟಿದವನು, ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಕಾಲದಿಂದ ತಂಡದ ಹಿಂದೆ ಬಿದ್ದವನು. ಅವತ್ತು ಸೋಲು. ಎಲ್ಲರೂ ರೇಗಾಡುತ್ತಿದ್ದರು. ನಾನೂ ಧೈರ್ಯ ಮಾಡಿ, ಆ ಕೋಚನ್ನು ಮನೆಗೆ ಕಳಿಸಬೇಕು ಅಂದೆ. ಮುದುಕ ಇಕ್ಕಳದಲ್ಲಿ ಸಾಸೇಜ್ ಹಿಡಿದವನು ಹಾಗೇ ನಿಂತ. "ಕಳಿಸೋಣ. ಬದಲಿಗೆ ಯಾರು?" ನಾನು ತಟ್ಟೆಯಲ್ಲಿದ್ದ ಜೋಳದ ತೆನೆ ನೋಡಿದೆ. "ಎಷ್ಟಕ್ಕೆ?" ಅಂದ. ತೆನೆಯ ಒಂದು ಮಗ್ಗುಲು ಪೂರ್ತಿ ಕರಕಲಾಗಿತ್ತು, ಅದನ್ನೇ ತಿಂದೆ.

ಆ ಎರಡು ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಕೈಗೆ ಸಿಕ್ಕಿದ್ದನ್ನು ಇಲ್ಲಿ ಹಂತ ಮಾಡಿ ಕೊಟ್ಟಿದ್ದೇನೆ.

ಹಂತ 1: ನಾಲ್ಕು ಅಂಕಿ ಬಾಯಿಪಾಠ ಮಾಡಿ

ಆಟದ ನಿಯಮವೆಲ್ಲ ಗೊತ್ತಿರಬೇಕಿಲ್ಲ. ಹತ್ತು ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ, ಗೆರೆ ದಾಟಿದರೆ ಟಚ್‌ಡೌನ್ ಆರು ಅಂಕ, ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್ ಮೂರು ಅಂಕ. ಸದ್ಯಕ್ಕೆ ಇಷ್ಟು ಸಾಕು. ಜಗಳಕ್ಕೆ ಬೇಕಾದ ಅಂಕಿಗಳು ಬೇರೆ: ಲೀಗಿನಲ್ಲಿ 32 ತಂಡ, ಏಪ್ರಿಲ್ ಕೊನೆಯ ಡ್ರಾಫ್ಟಿನಲ್ಲಿ 7 ಸುತ್ತು, ಒಂದು ತಂಡದ ಪಟ್ಟಿಯಲ್ಲಿ 53 ಜನ, ಮತ್ತು ಎಲ್ಲರ ಸಂಬಳ ಕೂಡಿ ದಾಟಬಾರದ ಮಿತಿ. ಆ ಮಿತಿಗೆ ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2025ರಲ್ಲಿ ಅದು 27 ಕೋಟಿ 92 ಲಕ್ಷ ಡಾಲರ್.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಡ್ರಾಫ್ಟ್ ಮೊದಲು ವಿಚಿತ್ರ ಅನಿಸುತ್ತದೆ. ಇಲ್ಲಿ ಕೂಗುವವರಿಲ್ಲ, ಸುತ್ತಿಗೆ ಬೀಳುವುದಿಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಕರೆಯುತ್ತವೆ, ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಪಂಕ್ತಿಯಲ್ಲಿ ಹಸಿದವನಿಗೆ ಮೊದಲು ಬಡಿಸಿದ ಹಾಗೆ. ಆದರೆ ಆ ಸರದಿಯನ್ನೇ ಮಾರಬಹುದು, ಮುಂದಿನ ವರ್ಷದ ಸರದಿಯನ್ನೂ ಅಡವಿಡಬಹುದು. ಅರ್ಧ ಜಗಳ ಹುಟ್ಟುವುದು ಇಲ್ಲಿಂದಲೇ.

ಹಂತ 2: ಬೈಯುವ ಮೊದಲು ವಿಳಾಸ ಖಚಿತ ಮಾಡಿಕೊಳ್ಳಿ

ಆಟಗಾರರನ್ನು ತರುವ, ಮಾರುವ ವ್ಯವಹಾರದ ಮುಖ ಜನರಲ್ ಮ್ಯಾನೇಜರ್ ಜಾನ್ ಲಿಂಚ್. ಆಡಿಸುವವನು ಹೆಡ್ ಕೋಚ್ ಕೈಲ್ ಶಾನಹಾನ್. ಇಬ್ಬರೂ 2017ರಲ್ಲಿ ಒಟ್ಟಿಗೇ ಬಂದವರು. ದಾಳಿಯ ತಂಡಕ್ಕೆ ಮುಂದಿನ ಆಟ ಯಾವುದು ಎಂದು ಪ್ರತಿ ಸಲ ಹೇಳುವವನು ಶಾನಹಾನನೇ, ಆ ಬೈಗುಳ ನೇರ ಅವನಿಗೆ. ರಕ್ಷಣೆಗೆ ಬೇರೆ ಕೋಆರ್ಡಿನೇಟರ್ ಇರುತ್ತಾನೆ, ಆ ಕುರ್ಚಿ ಸದಾ ಬಿಸಿ. ರಾಬರ್ಟ್ ಸಾಲೆ ನ್ಯೂಯಾರ್ಕ್ ಜೆಟ್ಸ್‌ಗೆ ಹೆಡ್ ಕೋಚ್ ಆಗಿ ಹೋದ, ಡಿಮೆಕೊ ರಯನ್ಸ್ ಹ್ಯೂಸ್ಟನ್ನಿಗೆ ಹೋದ, ಸ್ಟೀವ್ ವಿಲ್ಕ್ಸ್‌ನನ್ನು ಲೀಗಿನ ಫೈನಲ್ ಆದ ಸೂಪರ್ ಬೌಲ್ ಮುಗಿದ ಕೆಲವೇ ದಿನಕ್ಕೆ ತೆಗೆದರು. ಚೆಂಡು ಒದೆಯುವವನ ತಪ್ಪಿಗೆ ಕೋಚನ್ನು ಬೈದರೆ ನಗುತ್ತಾರೆ. ಒದೆಯುವವನನ್ನು ಮೂರನೇ ಸುತ್ತಿನಲ್ಲೇ ಆರಿಸಿದ್ದಕ್ಕೆ ಲಿಂಚ್‌ನನ್ನು ಬೈದರೆ ಕುರ್ಚಿ ಎಳೆದು ಕೊಡುತ್ತಾರೆ. 2023ರಲ್ಲಿ ಜೇಕ್ ಮೂಡಿಯನ್ನು 99ನೇ ಸರದಿಗೆ ಆರಿಸಿದರು, 2025ರ ಮೊದಲ ಪಂದ್ಯವಾದ ಮೇಲೆ ಮನೆಗೆ ಕಳಿಸಿದರು.

ಹಂತ 3: ಒಂದೇ ಒಂದು ವ್ಯವಹಾರವನ್ನು ಎಳೆ ಎಳೆ ಬಿಚ್ಚಿ

ಎಲ್ಲ ಡ್ರಾಫ್ಟುಗಳನ್ನೂ ಓದಲು ಹೊರಟರೆ ಜೀವಮಾನ ಸಾಲದು. ಒಂದನ್ನು ಪೂರ್ತಿ ತಿಳಿದುಕೊಳ್ಳಿ. ನನ್ನ ಸಲಹೆ 2021ರದು, ಯಾಕೆಂದರೆ ಆ ಗಾಯ ಇನ್ನೂ ಮಾಗಿಲ್ಲ.

ಆ ವರ್ಷ ತಂಡದ ಕೈಯಲ್ಲಿ 12ನೇ ಸರದಿ ಇತ್ತು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಬೇಕೆಂದು 3ನೇ ಸರದಿಗೆ ಏರಲು ಮಯಾಮಿ ತಂಡಕ್ಕೆ ಆ 12ನೆಯದನ್ನು ಕೊಟ್ಟರು, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟರು, ಸಾಲದ್ದಕ್ಕೆ ಒಂದು ಮೂರನೇ ಸುತ್ತಿನದನ್ನೂ ಕೊಟ್ಟರು. ಬಂದವನು ಟ್ರೇ ಲಾನ್ಸ್. ನಮ್ಮ ತಂಡಕ್ಕೆ ಅವನು ಮೊದಲಿನಿಂದ ಆಡಿದ್ದು ನಾಲ್ಕೇ ಪಂದ್ಯ. 2022ರ ಎರಡನೇ ವಾರ ಕಣಕಾಲು ಮುರಿಯಿತು. ಮರುವರ್ಷ ಆಗಸ್ಟಿನಲ್ಲಿ ಡಲ್ಲಾಸ್ ತಂಡಕ್ಕೆ ಅವನನ್ನು ಕೊಟ್ಟಾಗ ಬದಲಿಗೆ ಸಿಕ್ಕಿದ್ದು ನಾಲ್ಕನೇ ಸುತ್ತಿನ ಒಂದು ಸರದಿ. ಹೊಟ್ಟೆ ಉರಿ ಸಾಲದೆನ್ನುವವರಿಗೆ ಇನ್ನೊಂದು ಸಂಗತಿ: ನಾವು ಬಿಟ್ಟುಕೊಟ್ಟ ಆ 12ನೇ ಸರದಿ ಕೈಯಿಂದ ಕೈಗೆ ಹೋಗಿ ಅದೇ ಡಲ್ಲಾಸ್ ಸೇರಿತು, ಅಲ್ಲಿ ಅದರಿಂದ ಮುಂದೆ ರಕ್ಷಣೆಯ ತಾರೆಯಾದ ಮೈಕಾ ಪಾರ್ಸನ್ಸ್ ಬಂದ.

ಈಗ 'ಎಷ್ಟಕ್ಕೆ' ಅನ್ನುವ ಪ್ರಶ್ನೆ. ಅದನ್ನು ಅಳೆಯಲು ಹಳೆಯ ತಕ್ಕಡಿಯೊಂದಿದೆ. ಡಲ್ಲಾಸ್‌ನ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನ ಪಟ್ಟಿ, 1990ರ ದಶಕದ ಆರಂಭದ್ದು. ಮೊದಲ ಸರದಿಗೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200. ಅಂದರೆ ಏರಬೇಕಾದ ಎತ್ತರ 1000 ಅಂಕ. ಪೇಪರು ಪೆನ್ನು ತೆಗೆದುಕೊಂಡು ಕೊಟ್ಟ ಸರದಿಗಳಿಗೆ ಬೆಲೆ ಕಟ್ಟಿ. ಮುಂದಿನ ವರ್ಷದ ಸರದಿಗೆ ಈ ವರ್ಷದಷ್ಟು ಬೆಲೆ ಇಲ್ಲವೆಂದು ಒಂದಿಷ್ಟು ಮುರಿದುಕೊಳ್ಳುವುದು ವಾಡಿಕೆ. ಎಷ್ಟು ಮುರಿಯಬೇಕು ಎಂಬುದರ ಮೇಲೇ ಎರಡು ಬಿಯರಿನಷ್ಟು ವಾದ ನಡೆಯುತ್ತದೆ.

ಇಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಲಾನ್ಸ್ ಆಡಲಿಲ್ಲ, ಆದ್ದರಿಂದ ವ್ಯವಹಾರ ಕೆಟ್ಟದ್ದು ಎಂದುಬಿಡುತ್ತಾರೆ. ಕಾಲು ಮುರಿಯುತ್ತದೆಂದು 2021ರ ಏಪ್ರಿಲಿನಲ್ಲಿ ಯಾರಿಗೆ ಗೊತ್ತಿತ್ತು? ಅವತ್ತು ಗೊತ್ತಿದ್ದುದನ್ನು ಹಿಡಿದು ಕೇಳಿ. ಕೋವಿಡ್‌ನಿಂದಾಗಿ ಹಿಂದಿನ ವರ್ಷ ಅವನು ಕಾಲೇಜಿನಲ್ಲಿ ಆಡಿದ್ದು ಒಂದೇ ಪಂದ್ಯ. ಒಂದು ಪಂದ್ಯದ ಹುಡುಗನಿಗೆ ಮೂರು ವರ್ಷದ ಮೊದಲ ಸುತ್ತು ಸುರಿಯಬಹುದೆ? ನನ್ನ ಮಟ್ಟಿಗೆ, ಕಾಲು ಗಟ್ಟಿಯಾಗಿದ್ದರೂ ಅದು ದುಬಾರಿಯೇ.

ಇದೇ ಅಳತೆ ತಿರುಗಿಸಿ ಹಿಡಿದರೆ ಬ್ರಾಕ್ ಪರ್ಡಿ ಸಿಗುತ್ತಾನೆ. 2022ರ ಡ್ರಾಫ್ಟಿನ ಕಟ್ಟಕಡೆಯ ಹೆಸರು, 262ನೆಯವನು. ಆ ಸ್ಥಾನದವನನ್ನು ಪ್ರತಿ ವರ್ಷ ಮಿಸ್ಟರ್ ಇರ್ರೆಲೆವೆಂಟ್ ಎಂದು ಪ್ರೀತಿಯಿಂದ ಗೇಲಿ ಮಾಡುತ್ತಾರೆ, ಲೆಕ್ಕಕ್ಕಿಲ್ಲದವನು ಅಂತ. ಲಾನ್ಸ್ ಬಿದ್ದ, ಅವನ ಜಾಗಕ್ಕೆ ಬಂದ ಗರೋಪೊಲೊನ ಪಾದ ಡಿಸೆಂಬರಿನಲ್ಲಿ ಮುರಿಯಿತು, ಆಗ ಈ ಲೆಕ್ಕಕ್ಕಿಲ್ಲದವನು ಒಳಗೆ ಬಂದ. ಮರುವರ್ಷ ತಂಡ ಸೂಪರ್ ಬೌಲಿನಲ್ಲಿತ್ತು. ಲಿಂಚ್ ಜಾಣ ಎಂದು ಯಾರಾದರೂ ಹೊಗಳಿದರೆ, ನೆರೆಮನೆಯ ಮುದುಕ ಎತ್ತುವ ಅಸ್ತ್ರ ಇದು: ಅಷ್ಟು ಒಳ್ಳೆಯವನೆಂದು ಗೊತ್ತಿದ್ದರೆ ಅವನಿಗಿಂತ ಮೊದಲು ಎಂಟು ಜನರನ್ನು ಯಾಕೆ ಕರೆದಿರಿ? ಸುಮ್ಮನೆ ತಲೆಯಾಡಿಸಿ, ಇದಕ್ಕೆ ಉತ್ತರವಿಲ್ಲ.

ಇನ್ನು 2017. ಆ ವರ್ಷ ಎರಡನೇ ಸರದಿ ಶಿಕಾಗೋಗೆ ಕೊಟ್ಟು ಒಂದು ಮೆಟ್ಟಿಲು ಇಳಿದು ಸಾಲಮನ್ ಥಾಮಸ್‌ನನ್ನು ಕರೆದರು. ಮುಂದೆ ಸೂಪರ್ ಬೌಲಿನಲ್ಲಿ ನಮ್ಮನ್ನೇ ಸೋಲಿಸಿದ ಕಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 10ನೇ ಸರದಿಯವರೆಗೆ ಕಾದು ಕುಳಿತಿದ್ದ. ಅದೇ ಡ್ರಾಫ್ಟಿನ ಐದನೇ ಸುತ್ತಿನಲ್ಲಿ, 146ನೆಯವನಾಗಿ ಜಾರ್ಜ್ ಕಿಟಲ್ ಬಂದ ಎನ್ನುವುದನ್ನು ಬೈಯುವವರು ಮರೆಯುತ್ತಾರೆ. ನೀವು ಮರೆಯಬೇಡಿ. ಎದುರಾಳಿ ಉಸಿರು ತೆಗೆದುಕೊಳ್ಳುವಾಗ ಹೇಳಿ.

ಹಂತ 4: ಸಂಬಳದ ಚೀಟಿ ಓದಿ

ಪರ್ಡಿಯ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ ಒಟ್ಟು 40 ಲಕ್ಷ ಡಾಲರಿಗೂ ಕಡಿಮೆ. ಉಳಿದ ದುಡ್ಡಿನಲ್ಲಿ ತಂಡ ರಾಜನ ಹಾಗೆ ಬದುಕಿತು: ನಿಕ್ ಬೋಸಾನಿಗೆ ಐದು ವರ್ಷಕ್ಕೆ 17 ಕೋಟಿ, ಮೆಕ್ಯಾಫ್ರಿ, ಸ್ಯಾಮ್ಯುಯೆಲ್, ಕಿಟಲ್, ಟ್ರೆಂಟ್ ವಿಲಿಯಮ್ಸ್ ಎಲ್ಲರೂ ಒಂದೇ ಸೂರಿನಡಿ. 2025ರ ಮೇ ತಿಂಗಳಲ್ಲಿ ಪರ್ಡಿಗೆ ಹೊಸ ಒಪ್ಪಂದ ಆಯಿತು, ಐದು ವರ್ಷಕ್ಕೆ 26.5 ಕೋಟಿ. ಅದರ ನೆರಳು ಮಾರ್ಚಿನಲ್ಲೇ ಬಿದ್ದಿತ್ತು. ಡೀಬೊ ಸ್ಯಾಮ್ಯುಯೆಲ್‌ನನ್ನು ಐದನೇ ಸುತ್ತಿನ ಒಂದು ಸರದಿಗೆ ವಾಷಿಂಗ್ಟನ್ನಿಗೆ ಕೊಟ್ಟರು. ರಕ್ಷಣೆಯ ಗ್ರೀನ್‌ಲಾ, ಹುಫಾಂಗಾ ಡೆನ್ವರಿಗೆ ಹೋದರು, ವಾರ್ಡ್ ಇಂಡಿಯಾನಾಪೊಲಿಸ್‌ಗೆ.

ಆದ್ದರಿಂದ ಯಾರನ್ನಾದರೂ ಯಾಕೆ ಬಿಟ್ಟರು ಎಂದು ಕೂಗುವ ಮೊದಲು, ಅವನನ್ನು ಉಳಿಸಲು ಯಾರನ್ನು ಬಿಡುತ್ತಿದ್ದಿರಿ ಎಂದು ಹೆಸರು ಹೇಳಿ. ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಈ ವಿದ್ಯೆ ಹೊಸದಲ್ಲ. ಹರಾಜಿನ ಹಿಂದಿನ ರಾತ್ರಿ ಉಳಿಸುವವರ ಪಟ್ಟಿ ಬರೆದು ಹರಿದು ಮತ್ತೆ ಬರೆದವರು ನಾವು.

ಹಂತ 5: ಕೋಚನ್ನು ಬೈಯಲು ಒಂದು ಕ್ಷಣ ಆರಿಸಿ

ಶಾನಹಾನ್ ದೊಡ್ಡ ಪಂದ್ಯ ಗೆಲ್ಲಲಾರ ಎಂದು ಸಾರಾಸಗಟಾಗಿ ಹೇಳುವುದು ಸುಲಭ. ಪುರಾವೆಯೂ ಇದೆ. ಅಟ್ಲಾಂಟಾದ ದಾಳಿ ಅವನ ಕೈಯಲ್ಲಿದ್ದಾಗ ಸೂಪರ್ ಬೌಲಿನಲ್ಲಿ 28-3 ಮುನ್ನಡೆ ಕರಗಿತು, 2020ರ ಫೆಬ್ರುವರಿಯ ಸೂಪರ್ ಬೌಲಿನಲ್ಲಿ ನಮ್ಮ ತಂಡದ 20-10 ಕರಗಿತು. ಆದರೆ ಮೇಜಿನಲ್ಲಿ ಗೌರವ ಸಿಗುವುದು ಒಂದು ಕ್ಷಣ ಹಿಡಿದು ಕೂತವನಿಗೆ. ನಾನು ಆರಿಸಿಕೊಂಡದ್ದು 2024ರ ಫೆಬ್ರುವರಿ 11, ಲಾಸ್ ವೇಗಸ್, ಕಾನ್ಸಸ್ ಸಿಟಿ ಚೀಫ್ಸ್ ಎದುರು 19-19ರಲ್ಲಿ ಮುಗಿದು ಓವರ್‌ಟೈಮಿಗೆ ಹೋದ ಸೂಪರ್ ಬೌಲ್.

ಟಾಸ್ ನಮ್ಮದು. ಶಾನಹಾನ್ ಚೆಂಡು ಮೊದಲು ತೆಗೆದುಕೊಂಡ. ಹಳೆಯ ನಿಯಮದಲ್ಲಿ ಇದು ಸರಿ, ಮೊದಲು ಟಚ್‌ಡೌನ್ ಹೊಡೆದವರದ್ದೇ ಪಂದ್ಯ. 2022ರಿಂದ ಪ್ಲೇಆಫ್ ಪಂದ್ಯಗಳಿಗೆ ನಿಯಮ ಬದಲಾಗಿದೆ, ಇಬ್ಬರಿಗೂ ಒಂದೊಂದು ಅವಕಾಶ ಖಚಿತ. ಎರಡನೆಯವನಿಗೆ ಎಷ್ಟು ಬೇಕೆಂದು ಗೊತ್ತಿರುತ್ತದೆ, ಸಾಲ ಎಷ್ಟೆಂದು ತಿಳಿದು ಸಂತೆಗೆ ಹೋದವನ ಹಾಗೆ. ನಾವು ಗೋಲ್ ಗೆರೆಯಿಂದ 9 ಗಜದವರೆಗೆ ಹೋದೆವು, ನಾಲ್ಕನೇ ಪ್ರಯತ್ನ, ನಾಲ್ಕು ಗಜ ಬೇಕು. ಫೀಲ್ಡ್ ಗೋಲ್ ಒದ್ದೆವು, 22-19. ಚೀಫ್ಸ್ ಸರದಿಯಲ್ಲೂ ನಾಲ್ಕನೇ ಪ್ರಯತ್ನ ಬಂತು, ಒಂದು ಗಜ ಬೇಕು. ಬಿಟ್ಟುಕೊಟ್ಟರೆ ಸೋಲು ಎಂದು ಅವರಿಗೆ ಗೊತ್ತು. ಮಹೋಮ್ಸ್ ತಾನೇ ಓಡಿ ಎಂಟು ಗಜ ತೆಗೆದ. ಕೊನೆಗೆ ಟಚ್‌ಡೌನ್, 25-22.

ಶಾನಹಾನ್ ಕೊಟ್ಟ ಕಾರಣ: ಇಬ್ಬರೂ ಸಮವಾದರೆ ಮೂರನೇ ಅವಕಾಶ ನಮ್ಮದು, ಅಲ್ಲಿ ಒಂದು ಫೀಲ್ಡ್ ಗೋಲ್ ಸಾಕು. ಜೊತೆಗೆ, ನಿಗದಿತ ಸಮಯದ ಕೊನೆಯ ಕ್ಷಣದವರೆಗೆ ಓಡಿ ನಮ್ಮ ರಕ್ಷಣೆಯವರು ಏದುಸಿರು ಬಿಡುತ್ತಿದ್ದರು. ಇದು ತಳ್ಳಿಹಾಕುವ ಮಾತಲ್ಲ. ನಾನು ಅವನನ್ನು ಕ್ಷಮಿಸದಿರುವುದು ಇನ್ನೊಂದಕ್ಕೆ: ಹೊಸ ನಿಯಮ ತಮಗೆ ಗೊತ್ತೇ ಇರಲಿಲ್ಲವೆಂದು ನಮ್ಮದೇ ಕೆಲವು ಆಟಗಾರರು ಪಂದ್ಯದ ನಂತರ ಹೇಳಿದರು. ಚೀಫ್ಸ್ ಅದನ್ನು ಮುಂಚೆಯೇ ಕೂತು ಮಾತಾಡಿಕೊಂಡಿದ್ದರು. ಪರೀಕ್ಷೆಯ ಪ್ರಶ್ನೆ ಬಿಡಿ, ಸಿಲಬಸ್ಸೇ ಹೇಳದ ಮೇಷ್ಟ್ರು.

ಇಷ್ಟಾದರೂ ಅವನ ಬದಲಿಗೆ ಯಾರು ಎಂದರೆ ನನ್ನ ಹತ್ತಿರ ಇವತ್ತಿಗೂ ಹೆಸರಿಲ್ಲ.

ಹಂತ 6: ಹಳಬರ ಮುಂದೆ ಮೊಂಟಾನಾ ಹೆಸರು ಹುಷಾರು

ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ 1979ರ ಮೂರನೇ ಸುತ್ತಿನವನು, 82ನೇ ಸರದಿ. ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟ. 1993ರಲ್ಲಿ ಅವನನ್ನು ಕಾನ್ಸಸ್ ಸಿಟಿಗೆ ಕಳಿಸಿ ಸ್ಟೀವ್ ಯಂಗ್‌ನನ್ನು ಉಳಿಸಿಕೊಂಡರು. ಯಂಗ್ 1995ರ ಜನವರಿಯಲ್ಲಿ ಆರು ಟಚ್‌ಡೌನ್ ಎಸೆದು ಕಪ್ ತಂದ, ಅದೇ ತಂಡದ ಐದನೆಯದು. ಕಳಿಸಿದ್ದು ಸರಿಯೇ ಎಂದು ಅಂಕಿ ಹಿಡಿದು ಹೇಳಿದೆ. ಮುದುಕ ಇಕ್ಕಳ ಕೆಳಗಿಟ್ಟು ಮನೆಯೊಳಗೆ ಹೋದ. ಅವನ ಹೆಂಡತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಹಂತ 7: ಆಗಸ್ಟಿನಲ್ಲಿ ನಿಮ್ಮ 53 ಬರೆಯಿರಿ

ಆಗಸ್ಟ್ ಕೊನೆಗೆ 90 ಜನರ ಪಟ್ಟಿಯನ್ನು 53ಕ್ಕೆ ಇಳಿಸಬೇಕು. ಅದಕ್ಕೆ ಎರಡು ದಿನ ಮೊದಲು ಕೂತು ನಿಮ್ಮ 53 ಬರೆದು, ತಾರೀಕು ಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೊದಲ 40 ಹೆಸರು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕೊನೆಯ ಐದಕ್ಕೆ ಸಂಜೆ ಪೂರ್ತಿ ಬೇಕು: ಆರನೇ ರಿಸೀವರ್ ಇರಲೋ, ಒಂಬತ್ತನೇ ಲೈನ್‌ಮನ್ ಇರಲೋ, ಇಬ್ಬರೂ ಬೇಕೆಂದರೆ ಮೂರನೇ ಕ್ವಾರ್ಟರ್‌ಬ್ಯಾಕ್ ಹೋಗುತ್ತಾನೆ. ಆ ಐದು ಹೆಸರು ಬರೆಯುವಾಗ ಲಿಂಚ್ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ, ಪಟ್ಟಿ ಹೊರಬಿದ್ದ ಐದು ನಿಮಿಷಕ್ಕೆ ಮತ್ತೆ ಏರುತ್ತದೆ.

ನಾನೂ ಮುದುಕನೂ ಈಗ ಪ್ರತಿ ವರ್ಷ ಪಟ್ಟಿ ಬದಲಾಯಿಸಿಕೊಳ್ಳುತ್ತೇವೆ. ಹೆಚ್ಚು ತಪ್ಪು ಮಾಡಿದವನು ಊಟ ಹಾಕಿಸಬೇಕು. ಎರಡು ವರ್ಷ ನಾನು ಬಿಸಿಬೇಳೆಬಾತ್ ಹೊತ್ತುಕೊಂಡು ಬೇಲಿ ದಾಟಿದ್ದೇನೆ. ಕಳೆದ ಸಲ ಡಬ್ಬಿ ತೆಗೆದು ಮೂಸಿ ನೋಡಿ, ಬೂಂದಿ ಎಲ್ಲಿ ಅಂದ.