ಬಾಯಿಬಿಟ್ಟು ಯೋಚಿಸುವ ಪರೀಕ್ಷೆ

ದೊಡ್ಡ ತಂತ್ರಜ್ಞಾನ ಸಂಸ್ಥೆಗಳಲ್ಲಿ ತಂತ್ರಾಂಶ ರಚಿಸುವ ಎಂಜಿನಿಯರರನ್ನು ಆರಿಸುವ ಸಂದರ್ಶನವೆಂದರೆ ಒಗಟು ಬಿಡಿಸುವ ಪಂದ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಆಧಾರವಿಲ್ಲದಿಲ್ಲ. 2004ರಲ್ಲಿ ಗೂಗಲ್ ಸಂಸ್ಥೆಯು ಅಮೆರಿಕದ ಸಿಲಿಕಾನ್ ಕಣಿವೆಯ ಹೆದ್ದಾರಿಯ ಪಕ್ಕದಲ್ಲಿ, ತನ್ನ ಹೆಸರನ್ನೇ ಹಾಕದೆ ಒಂದು ಫಲಕ ನಿಲ್ಲಿಸಿತು. ಗಣಿತದ 'ಇ' ಎಂಬ ಸಂಖ್ಯೆಯ (2.71828...) ಅಂಕಿಗಳ ಸಾಲಿನಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದೆಂಬುದೇ ಅದರ ಪ್ರಶ್ನೆ. 7427466391 ಎಂದು ಕಂಡುಕೊಂಡವರಿಗೆ ಮತ್ತೊಂದು ಲೆಕ್ಕ. ಅದನ್ನೂ ಗೆದ್ದವರಿಗೆ ಅರ್ಜಿ ಕಳುಹಿಸಲು ಆಹ್ವಾನ. ಆದರೆ 2013ರಲ್ಲಿ ಅದೇ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ ಅವರು, ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಸುತ್ತವೆ ಎಂಬಂಥ ಪ್ರಶ್ನೆಗಳಿಂದ ಕೇಳುವವನ ಜಂಬ ತಣಿಯುವುದೇ ಹೊರತು ಉಮೇದುವಾರನ ಯೋಗ್ಯತೆ ತಿಳಿಯದೆಂದು ಪತ್ರಿಕೆಯೊಂದಕ್ಕೆ ಹೇಳಿದರು.

ಹಾಗಾದರೆ ಕೇಳುವುದೇನು? ಒಂದು ಉದಾಹರಣೆ ಕೊಡುತ್ತೇನೆ. ಗಣಿತವೆಂದರೆ ದೂರ ಸರಿಯುವ ನನ್ನ ಮಿತ್ರರೂ ಹೆದರಬೇಕಾಗಿಲ್ಲ. ಅಕಾರಾದಿಯಾಗಿ ಬರೆದ ಸಾವಿರ ಹೆಸರುಗಳಿವೆ. ಅವುಗಳಲ್ಲಿ ಒಂದನ್ನು ಹುಡುಕಬೇಕು. ಮೊದಲಿನಿಂದ ನೋಡುತ್ತ ಹೋದರೆ ಸಾವಿರ ಸಲ ನೋಡಬೇಕಾದೀತು. 1894ರ ಕಿಟೆಲ್ ನಿಘಂಟನ್ನು ನಾವು ಹಾಗೆ ನೋಡುವೆವೇ? ನಡುವೆ ತೆರೆಯುತ್ತೇವೆ; ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ತಿಳಿದು ಉಳಿದರ್ಧವನ್ನು ಬಿಡುತ್ತೇವೆ. ಹೀಗೆ ಅರ್ಧರ್ಧ ಮಾಡಿದರೆ ಹತ್ತು ನೋಟಕ್ಕೆ ಕೆಲಸ ಮುಗಿಯಿತು. ಹೆಸರುಗಳು ಹತ್ತು ಲಕ್ಷವಾದರೂ ಇಪ್ಪತ್ತೇ ಸಾಕು! ಇಷ್ಟು ಹೇಳಿದವನು ಅರ್ಧ ದಾರಿ ಬಂದ. "ಹೆಸರುಗಳು ಅಕಾರಾದಿಯಲ್ಲಿ ಇರದಿದ್ದರೆ?" ಎಂದು ಎದುರಿನವರು ಕೇಳುತ್ತಾರೆ. ಒಂದೇ ಸಲ ಹುಡುಕುವುದಾದರೆ ಜೋಡಿಸುವ ಶ್ರಮ ವ್ಯರ್ಥ, ಒಂದೊಂದಾಗಿ ನೋಡುವುದೇ ಲೇಸು; ದಿನವೂ ಹುಡುಕುವುದಾದರೆ ಮೊದಲು ಜೋಡಿಸಿಡಬೇಕು. ಈ ತೂಗಿನೋಡುವಿಕೆಯೇ ಅವರಿಗೆ ಬೇಕಾದದ್ದು.

ದೂರವಾಣಿಯ ಮೊದಲ ಸುತ್ತು ದಾಟಿದವರಿಗೆ ಇಂಥ ಹಲವು ಭೇಟಿಗಳಿರುತ್ತವೆ; ಒಂದೊಂದೂ ಸುಮಾರು ಮುಕ್ಕಾಲು ಗಂಟೆ. ಗೂಗಲ್ ರೂಢಿಗೆ ತಂದ ಪದ್ಧತಿಯಲ್ಲಿ ಪ್ರಶ್ನೆ ಕೇಳಿದವರೇ ನೇಮಿಸುವಂತಿಲ್ಲ. ಅವರು ಕಂಡು ಕೇಳಿದ್ದನ್ನು ಬರೆದುಕೊಡುತ್ತಾರೆ. ಉಮೇದುವಾರನನ್ನು ಕಂಡಿಲ್ಲದ ಸಮಿತಿಯೊಂದು ಅದನ್ನೋದಿ ತೀರ್ಮಾನಿಸುತ್ತದೆ. ಮನಸ್ಸಿನಲ್ಲೇ ಸರಿಯಾಗಿ ಯೋಚಿಸಿ ಬಾಯಿ ತೆರೆಯದವನ ವಿಚಾರವಾಗಿ ಆ ಬರವಣಿಗೆಯಲ್ಲಿ ಇರುವುದಾದರೂ ಏನು?

ನಮ್ಮಂಥವರಿಗೆ ತೊಡಕಿರುವುದು ಇಲ್ಲಿಯೇ. ಅಧ್ಯಾಪಕರು ಕೇಳಿದಾಗ ಪೂರ್ತಿ ಉತ್ತರ ಬಂದರೆ ಎದ್ದು ಹೇಳುತ್ತೇವೆ, ಇಲ್ಲದಿದ್ದರೆ ತಲೆ ತಗ್ಗಿಸುತ್ತೇವೆ. ಅರ್ಧ ಯೋಚನೆಯನ್ನು ಆಡಿ ತೋರಿಸುವ ಅಭ್ಯಾಸ ನಮಗಿಲ್ಲ. ಇಂಗ್ಲಿಷಿನ ಅಳುಕು ಬೇರೆ.

ಈ ಪದ್ಧತಿ ನಿರ್ದೋಷವೆಂದೂ ನಾನು ಹೇಳಲಾರೆ. 2020ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯ ಮತ್ತು ಮೈಕ್ರೋಸಾಫ್ಟಿನ ಸಂಶೋಧಕರು 48 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಕೆಲವರು ಏಕಾಂತದಲ್ಲಿ ಲೆಕ್ಕ ಬಿಡಿಸಿದರು. ಉಳಿದವರು ಒಬ್ಬರು ನೋಡುತ್ತಿರುವಾಗ ಮಾತನಾಡುತ್ತ ಬಿಡಿಸಿದರು. ನೋಡುವವರಿದ್ದ ಕಡೆ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಏಕಾಂತದಲ್ಲಿದ್ದ ಮಹಿಳೆಯರೆಲ್ಲರೂ ಗೆದ್ದರು. ಇನ್ನೊಂದು ಕಡೆಯ ಮಹಿಳೆಯರಲ್ಲಿ ಒಬ್ಬರೂ ಗೆಲ್ಲಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೂ ಅಳೆದದ್ದು ಜಾಣ್ಮೆಯನ್ನೋ ಅಳುಕನ್ನೋ ಎಂದು ಕೇಳಬೇಕಾಗುತ್ತದೆ.

ಸಂಸ್ಥೆಗಳು ಇದನ್ನು ತಿದ್ದಿಕೊಳ್ಳುವಾಗ ತಿದ್ದಿಕೊಳ್ಳಲಿ. ಅದುವರೆಗೆ ನಮ್ಮ ಚರ್ಚಾಕೂಟದಲ್ಲಿ ತಿಂಗಳಿಗೊಂದು ಸಂಜೆ ಒಬ್ಬರು ಹಲಗೆಯ ಮುಂದೆ ನಿಂತು, ಮೊದಲು ನೋಡಿರದ ಲೆಕ್ಕವೊಂದನ್ನು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮಾತನಾಡುತ್ತ ಬಿಡಿಸಬೇಕೆಂದು ಸೂಚಿಸುತ್ತೇನೆ. ಕಾಲೇಜಿಗೆ ಸೀಮೆಸುಣ್ಣದ ಖರ್ಚಷ್ಟೇ.