ಮಳೆಗಾಲದಲ್ಲಿ ಮುಖದ ಆರೈಕೆ

ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ ಬಿಡಿಸುವ ಮಳೆಗಾಲದ ಸೆಕೆಯಲ್ಲಿ ಕೆಲವರಿಗೆ ಹಣೆ, ಮೂಗು ಜಿಡ್ಡಾಗಿ ಕೆನ್ನೆ ಮಾತ್ರ ಒಣಗಿರುತ್ತದೆ. ಇದು ರೋಗವಲ್ಲ, ಹಣೆ, ಮೂಗುಗಳಲ್ಲಿ ಎಣ್ಣೆಯ ಗ್ರಂಥಿಗಳು ಹೆಚ್ಚು.

1. ಬೆಳಿಗ್ಗೆ ಮತ್ತು ಹೊಲದಿಂದ ಬಂದೊಡನೆ ಮೈಸೋಪಿನಿಂದ ಮುಖ ತೊಳೆಯಿರಿ. ಬಟ್ಟೆಸೋಪು ಬೇಡ. ಉಜ್ಜದೆ, ಒಣಬಟ್ಟೆಯಿಂದ ಒತ್ತಿ ಒರೆಸಿರಿ.

2. ತೇವ ಆರುವ ಮುನ್ನ ಕೆನ್ನೆಗೆ ತುಸು ಕೊಬ್ಬರಿಎಣ್ಣೆ ಸವರಿರಿ. ಜಿಡ್ಡಿನ ಹಣೆಗೆ ಹಚ್ಚಿದರೆ ಮೊಡವೆ ಏಳಬಹುದು.

3. ಬಿಸಿಲಿಗೆ ಅಗಲ ಅಂಚಿನ ಟೋಪಿ ಧರಿಸಿರಿ.

ಎಚ್ಚರಿಕೆ: ಬಿಳುಪಾಗಲೆಂದೋ ತುರಿಕೆ ಹೋಗಲೆಂದೋ ಕಂಡ ಮುಲಾಮು ಹಚ್ಚಬೇಡಿರಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಗುಣವಾದಂತೆ ಕಂಡರೂ, ಬರಬರುತ್ತ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇನ್ನಷ್ಟು ಹಬ್ಬುತ್ತದೆ. 2018ರಲ್ಲಿ ಸರಕಾರವು ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿದೆ. ತುರಿಕೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.