ಉಪವಾಸದ ದಿನ ಎದೆನೋವು: ಶ್ರಾವಕರು ತಿಳಿದಿರಬೇಕಾದ ವಿವೇಕ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಗಳ ಹಿರಿಯರು ಉಪವಾಸ, ಏಕಭುಕ್ತಗಳನ್ನು ಶ್ರದ್ಧೆಯಿಂದ ಆಚರಿಸುತ್ತಾರೆ. ಈ ದಿನಗಳಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ, "ಹೊಟ್ಟೆ ಬರಿದಾಗಿದೆ, ವಾಯು ಏರಿದೆ, ಪಾರಣೆಯಾದರೆ ಸರಿಹೋಗುತ್ತದೆ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ.

ನಾನೂ ಒಮ್ಮೆ ಆ ಮಾತನ್ನಾಡಿದವನು. ಹಲವು ವರ್ಷಗಳ ಹಿಂದೆ, ಅನಂತ ಚತುರ್ದಶಿಯ ಸಂಜೆ, ನಿರಾಹಾರಿಗಳಾಗಿದ್ದ ನಮ್ಮ ಅಣ್ಣನವರು ಎದೆ ಭಾರವೆಂದು ಗೋಡೆಗೊರಗಿ ಕುಳಿತರು. ಹಣೆಯಲ್ಲಿ ತಣ್ಣನೆಯ ಬೆವರಿತ್ತು. "ಬೆಳಗಾದರೆ ಪಾರಣೆ, ತಾಳಿಕೊಳ್ಳಿ" ಎಂದು ನಾನೇ ಧೈರ್ಯ ಹೇಳಿದೆ. ಮರುದಿನ ವೈದ್ಯರಲ್ಲಿಗೆ ಕರೆದೊಯ್ದಾಗ ಹೃದಯದ ಸ್ನಾಯುವಿನ ಒಂದು ಭಾಗ ಆಗಲೇ ನಷ್ಟವಾಗಿತ್ತು. ಅಣ್ಣನವರು ಉಳಿದರು, ಆದರೆ ಬಸದಿಯವರೆಗೆ ನಡೆಯುವ ಶಕ್ತಿ ಅವರಿಗೆ ಮರಳಿ ಬರಲಿಲ್ಲ. ನನ್ನ ಅಜ್ಞಾನದ ಫಲವನ್ನು ಅವರು ಉಂಡರು. ಅಂತಹ ತಪ್ಪು ಬೇರೊಂದು ಮನೆಯಲ್ಲಿ ಆಗದಿರಲೆಂದು ಈ ಪಾಠವನ್ನು ಬರೆದಿದ್ದೇನೆ.

1. ನೋವಿನ ಕಾರಣಗಳು

ದೇಹಕ್ಕೆಲ್ಲ ರಕ್ತವನ್ನು ಕಳುಹಿಸುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದರೆ, ಶ್ರಮಪಟ್ಟಾಗ ಎದೆ ಬಿಗಿಯುತ್ತದೆ, ವಿಶ್ರಮಿಸಿದಾಗ ಸಡಿಲವಾಗುತ್ತದೆ. ಮಂದರಗಿರಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ನಿಂತೊಡನೆ ಇಳಿಯುತ್ತಿದ್ದರೆ ಅದನ್ನು ಕೇವಲ ವಯಸ್ಸಿನ ದಣಿವೆಂದು ಭಾವಿಸಕೂಡದು; ಬೇಗನೆ ವೈದ್ಯರಿಗೆ ತೋರಿಸಬೇಕು. ಕೊಬ್ಬಿನ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋದರೆ ಅದೇ ಹೃದಯಾಘಾತ. ಆ ಕ್ಷಣದಿಂದ ಸ್ನಾಯು ಸಾಯತೊಡಗುತ್ತದೆ.

ಎದೆನೋವೆಲ್ಲ ಹೃದಯದ್ದೇ ಅಲ್ಲ. ಜಠರದ ಆಮ್ಲ ಮೇಲೇರಿದರೆ ಎದೆಯುರಿ, ಹುಳಿತೇಗು ಉಂಟಾಗುತ್ತವೆ; ಉಪವಾಸದಲ್ಲಿಯೂ ಪಾರಣೆಯ ದಿನದ ಅತಿಭೋಜನದ ನಂತರವೂ ಇದು ಸಂಭವನೀಯ. ಸ್ನಾಯು, ಪಕ್ಕೆಲುಬುಗಳ ನೋವು ಒತ್ತಿದಾಗ ಅಥವಾ ಹೊರಳಿದಾಗ ಹೆಚ್ಚುತ್ತದೆ. ಶ್ವಾಸಕೋಶದ ಸೋಂಕಿನಲ್ಲಿ ಜ್ವರ, ಕೆಮ್ಮುಗಳೊಡನೆ ಉಸಿರೆಳೆದಾಗ ಚುಚ್ಚುತ್ತದೆ. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಮೊದಲೇ ಒಂದು ಪಕ್ಕದಲ್ಲಿ ಉರಿ ತೋರುವುದುಂಟು. ತೀವ್ರವಾದ ಭಯ, ಚಿಂತೆಗಳೂ ಎದೆಯನ್ನು ಹಿಂಡುತ್ತವೆ. ಆದರೆ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಲುಕುವುದು, ಮಹಾಧಮನಿಯ ಗೋಡೆ ಸೀಳುವುದು ಇವು ಹೃದಯಾಘಾತದಷ್ಟೇ ಅಪಾಯಕರ.

ಇಷ್ಟನ್ನು ಓದಿದ ಮಾತ್ರಕ್ಕೆ ಮನೆಯಲ್ಲಿಯೇ ನಿರ್ಣಯಿಸಲು ಬಾರದು. ಹೃದಯಾಘಾತವೂ ಎದೆಯುರಿಯ ವೇಷದಲ್ಲಿ ಬರಬಹುದು. ಇ.ಸಿ.ಜಿ. ಮತ್ತು ರಕ್ತಪರೀಕ್ಷೆಗಳಿಂದಲೇ ಸತ್ಯ ತಿಳಿಯಬೇಕು. ಮೊದಲ ಇ.ಸಿ.ಜಿ. ಸರಿಯಾಗಿದ್ದರೂ ವೈದ್ಯರು ಮತ್ತೊಮ್ಮೆ ತೆಗೆಯಬೇಕೆಂದರೆ ಕಾದಿರಬೇಕು. ಮದ್ಯಮಾಂಸಗಳನ್ನು ತ್ಯಜಿಸಿದವರಿಗೆ ಹೃದ್ರೋಗ ಬಾರದೆಂಬ ನಂಬಿಕೆಯೂ ಸರಿಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಂಶದ ಗುಣ ಇವು ನಮ್ಮ ಮನೆಗಳಲ್ಲಿಯೂ ಉಂಟು.

2. ತಡಮಾಡಬಾರದ ಲಕ್ಷಣಗಳು

ಎದೆಯ ನಡುವೆ ಕಲ್ಲಿಟ್ಟಂತಹ ಭಾರ ಅಥವಾ ಹಿಂಡಿದಂತಹ ನೋವು ಕೆಲವು ನಿಮಿಷಗಳಾದರೂ ಇಳಿಯದಿರುವುದು ಅಥವಾ ಇಳಿದು ಮರಳುವುದು. ನೋವು ತೋಳು, ಭುಜ, ದವಡೆ, ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ಕಣ್ಣು ಕತ್ತಲೆ. ಸೀಳಿದಂತೆ ಥಟ್ಟನೆ ಬೆನ್ನಿಗೆ ಹಾಯುವ ನೋವು. ಇವುಗಳಲ್ಲಿ ಒಂದಿದ್ದರೂ ಸಾಕು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಏದುಸಿರು, ವಿಪರೀತ ಆಯಾಸ, ಮೇಲುಹೊಟ್ಟೆಯ ಸಂಕಟಗಳಷ್ಟೇ ಕಾಣಬಹುದು. ಇವನ್ನು ಉಪವಾಸದ ನಿಶ್ಶಕ್ತಿಯೆಂದು ತಿಳಿಯುವುದೇ ದೊಡ್ಡ ಪ್ರಮಾದ.

3. ಆಗ ಮಾಡತಕ್ಕದ್ದು

ರೋಗಿಯನ್ನು ಒರಗಿಸಿ ಕುಳ್ಳಿರಿಸಿ, ನಡೆಯಗೊಡದೆ, ಕೂಡಲೇ 108ಕ್ಕೆ ಕರೆಮಾಡಬೇಕು. ರೋಗಿಯು ತಾನೇ ವಾಹನ ನಡೆಸಕೂಡದು. ಜೀರಿಗೆ ನೀರು, ಸೋಡಾಗಳ ಪರೀಕ್ಷೆಯಲ್ಲಿ ಕಾಲ ಕಳೆಯಬಾರದು. ವೈದ್ಯರಾಗಲಿ 108ರ ಸಿಬ್ಬಂದಿಯಾಗಲಿ ಹೇಳಿದರೆ ಆಸ್ಪಿರಿನ್ ಮಾತ್ರೆಯನ್ನು ಜಗಿದು ನುಂಗಬೇಕು. ಅದು ಒಗ್ಗದವರು, ರಕ್ತಸ್ರಾವದ ತೊಂದರೆಯುಳ್ಳವರು ಮೊದಲೇ ತಿಳಿಸಬೇಕು. ರೋಗಿ ಕುಸಿದು ಉಸಿರು ನಿಂತರೆ ಎದೆಯ ನಡುವೆ ಎರಡು ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು.

ತೋವಿನಕೆರೆಯಂತಹ ಊರಿನವರು ಕೊರಟಗೆರೆಗೋ ತುಮಕೂರಿಗೋ ಹೋಗಬೇಕು; ಜಯದೇವ ಹೃದ್ರೋಗ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಈ ದೂರವನ್ನು ಮನಗಂಡೇ, 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ಅದರಂತೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ನೋವು ಆರಂಭವಾದ ಮೊದಲ ಗಂಟೆಗಳಲ್ಲಿ ಅದರ ಫಲ ಅಧಿಕ. ಹನ್ನೆರಡು ಗಂಟೆ ಕಳೆದ ಮೇಲೆ ತೀರ ಅಲ್ಪ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಕರ್ಯವಿದೆಯೆಂದು ಪರ್ವಕ್ಕೆ ಮೊದಲೇ ವಿಚಾರಿಸಿಟ್ಟಿರುವುದು ಗೃಹಸ್ಥನ ಕರ್ತವ್ಯ.

4. ವ್ರತಭಂಗದ ಶಂಕೆ

"ಔಷಧ ಸೇವಿಸಿದರೆ ವ್ರತಭಂಗವಾಗದೇ?" ಎಂದು ಅನೇಕರು ಅಂಜುತ್ತಾರೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ "ಶಕ್ತಿತಃ" ಎಂಬ ವಿಶೇಷಣವಿದೆ; ಶಕ್ತಿಗೆ ತಕ್ಕುದೇ ತಪಸ್ಸು. ನಿಯಮದಲ್ಲಿ ದೋಷ ಬಂದರೆ ಗುರುಗಳ ಸನ್ನಿಧಿಯಲ್ಲಿ ಪ್ರಾಯಶ್ಚಿತ್ತವಿದೆ. ಅದೂ ಅಂತರಂಗ ತಪಸ್ಸೇ. ಸತ್ತ ಹೃದಯಸ್ನಾಯುವಿಗೆ ಪ್ರಾಯಶ್ಚಿತ್ತವಿಲ್ಲ. ಕೆಲವರು ಸಲ್ಲೇಖನದ ಹೆಸರನ್ನೆತ್ತುವುದುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ಅವಕಾಶವಿತ್ತಿರುವುದು ಪ್ರತೀಕಾರವೇ ಇಲ್ಲದ ಸಂದರ್ಭಗಳಲ್ಲಿ ಮಾತ್ರ. ಪ್ರತೀಕಾರವಿರುವ ರೋಗವನ್ನು ಉಪೇಕ್ಷಿಸುವುದು ಸಲ್ಲೇಖನವಲ್ಲ.

5. ನೋಂಪಿ ಹಿಡಿಯುವ ಮುನ್ನ

ಹೃದ್ರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳುಳ್ಳವರು ಮೊದಲು ವೈದ್ಯರನ್ನು ಕಾಣಬೇಕು. ನಿರ್ಜಲ ಉಪವಾಸದಲ್ಲಿ ದೇಹದ ನೀರು ತಗ್ಗಿ ರಕ್ತದೊತ್ತಡ ಕುಸಿಯಬಹುದು. ಸಕ್ಕರೆ ಕಾಯಿಲೆಯ ಔಷಧ ನುಂಗಿ ಆಹಾರ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹೃದಯದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೇಬಾರದು. ರಾತ್ರಿಭೋಜನ ತ್ಯಾಗಿಗಳು ರಾತ್ರಿಯ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳಬಹುದೇ ಎಂದು ಕೇಳಿ ತಿಳಿಯಬೇಕು. ಉಪವಾಸ ಕೂಡದೆಂದರೆ ಏಕಭುಕ್ತ, ರಸತ್ಯಾಗ, ಸ್ವಾಧ್ಯಾಯ, ಜಪಗಳಿವೆ. ಅವುಗಳಲ್ಲಿ ತಮಗೆ ತಕ್ಕುದನ್ನು ವೈದ್ಯರಿಗೂ ತಿಳಿಸಿ ಆರಿಸಿಕೊಳ್ಳಬಹುದು.

ಮನನಕ್ಕೆ ಪ್ರಶ್ನೆಗಳು

(1) ನಮ್ಮ ಮನೆಯಲ್ಲಿ ಉಪವಾಸವಿರುವವರು ಯಾವ ಔಷಧಗಳನ್ನು ಸೇವಿಸುತ್ತಾರೆ? (2) ನಡುರಾತ್ರಿ ಎದೆನೋವು ಬಂದರೆ ಎಲ್ಲಿಗೆ ಹೋಗುತ್ತೇವೆ, ಯಾರು ಜೊತೆಗೆ ಬರುತ್ತಾರೆ? (3) "ಬೆಳಗಾಗಲಿ" ಎನ್ನುವವರಿಗೆ ಏನೆಂದು ಉತ್ತರಿಸುತ್ತೇವೆ?

ಈ ಮೂರಕ್ಕೂ ಉತ್ತರವನ್ನು ಮನೆಮಂದಿಯೆಲ್ಲ ಕುಳಿತು ನಿಶ್ಚಯಿಸಿದ ಮೇಲೆಯೇ ನೋಂಪಿಯ ಸಂಕಲ್ಪ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.